ಕೆಂಪಿಯ ಬೆಲೆಗೊಂದು ರೈಫಲ್ಲು

“ಜಪಾನಿನವರು ಮದ್ರಾಸಿಗೆ ಬೇಕಾದ್ರೆ ಬರ್ಲಿ, ಬೆಂಗಳೂರಿಗೆ ಬೇಕಾದ್ರೂ ಬರ್ಲಿ. ಶಿವಮೊಗ್ಗಕ್ಕೆ ಕಾಲಿಟ್ರೋ, ಈ ಏಕಾಂತಪ್ಪ ಯಾರು ಅಂತ ತೋರಿಸ್ತೀನಿ!”

ಏಕಾಂತಪ್ಪನವರು ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದ್ದು ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ. ಕೇಳಿಸಿಕೊಳ್ಳಲು ಇದ್ದವರು ಹೆಂಡತಿ ಮಹಾಂತಮ್ಮ ಒಬ್ಬರೇ. ಅವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು.

“ಮೊನ್ನೆ ಬಚ್ಚಲಲ್ಲಿ ಜಿರಳೆ ಬಂತು ಅಂತ ನನ್ನನ್ನ ಕೂಗಿದ್ದು ಯಾರು?” ಎಂದರು ತಲೆ ಎತ್ತದೆ.

“ಜಿರಳೆ ಬೇರೆ, ಜಪಾನು ಬೇರೆ, ಮಾರಾಯ್ತಿ!”

ಏಕಾಂತಪ್ಪನವರದು ಬೆಲ್ಲದ ಮಂಡಿ. ಬೆಲ್ಲದ ದರ ನಾಳೆ ಏರುತ್ತದೋ ಇಳಿಯುತ್ತದೋ ಎಂಬುದನ್ನು ತಮ್ಮ ಮೂಗು ಇವತ್ತೇ ಹೇಳುತ್ತದೆಂದು ಅವರು ಹೇಳಿಕೊಳ್ಳುತ್ತಿದ್ದರು. ಅಂಥ ಮೂಗಿಗೆ ಆ ಬೇಸಿಗೆಯಲ್ಲಿ ಬರೀ ಸಿಡಿಮದ್ದಿನ ವಾಸನೆ! ಬಾಂಬು ಹಾಕುವವನು ಮೊದಲು ಹುಡುಕುವುದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು, ಗುರಿ ಒಂದಿಷ್ಟು ತಪ್ಪಿದರೆ ಅದು ಬೀಳುವುದು ನೇರವಾಗಿ ಶಿವಮೊಗ್ಗದ ನೆತ್ತಿಯ ಮೇಲೆ ಎಂದು ಪೇಟೆಯವರೆಲ್ಲ ಲೆಕ್ಕ ಹಾಕಿ, ರೈಫಲ್ಲು ಕೊಳ್ಳಲು ಮುಗಿಬಿದ್ದಿದ್ದರು. ವಿಮಾನದಿಂದ ಬೀಳುವ ಬಾಂಬಿಗೆ ರೈಫಲ್ಲಿನಿಂದ ಏನು ಮಾಡುತ್ತೀರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಪಕ್ಕದ ಮನೆಯವನು ಕೊಂಡನೇ? ನಾವೂ ಕೊಳ್ಳಬೇಕು! ಬೆಳಗಿನ ದರ ಮಧ್ಯಾಹ್ನಕ್ಕಿಲ್ಲ, ಮಧ್ಯಾಹ್ನದ್ದು ಸಂಜೆಗಿಲ್ಲ. ಇರುವೆಗೆ ಸಕ್ಕರೆ ಹಾಕಿ ಬರುವ ಪುಣ್ಯಾತ್ಮರೂ ಲೈಸೆನ್ಸು ಮಾಡಿಸಿಕೊಂಡರು. ಅವರಲ್ಲಿ ಏಕಾಂತಪ್ಪನವರೂ ಒಬ್ಬರು.

ರೈಫಲ್ಲು ಸಿಗುತ್ತಿದ್ದದ್ದು ಭದ್ರಾವತಿಯ ಜಯಪ್ಪನ ಅಂಗಡಿಯಲ್ಲಿ. ಅದುವರೆಗೆ ಬೀಗ ರಿಪೇರಿ ಮಾಡಿಕೊಂಡು, ಹಂದಿ ಹೆದರಿಸುವ ಹಳೇ ಕೋವಿಗಳನ್ನು ಮಾರಿಕೊಂಡಿದ್ದ ಜಯಪ್ಪ ಈಗ ವರನ ಅಪ್ಪನ ಗತ್ತಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಏಕಾಂತಪ್ಪನವರು ನೋಟಿನ ಕಟ್ಟು ತೆಗೆದರೆ ಅವನು ಕೈ ಹಿಂದಕ್ಕೆ ಎಳೆದುಕೊಂಡ.

“ನೋಟು ಬೇಡ ಸಾಹುಕಾರ್ರೇ. ನಾಳೆ ಜಪಾನಿನವನು ಬಂದ್ರೆ ಈ ರಾಜನ ಚಿತ್ರ ಯಾವನಿಗೆ ಬೇಕು? ಮನೇಲಿ ನಾಲ್ಕು ಕಾಲಿಂದು ಏನಾದ್ರೂ ಇದ್ರೆ ಹೇಳಿ.”

“ಮಂಚ ಇದೆ.”

“ಹಾಲು ಕೊಡೋದು, ಸಾಹುಕಾರ್ರೇ!”

ಮಂಡಿಯಲ್ಲಾಗಲಿ ದನದ ಸಂತೆಯಲ್ಲಾಗಲಿ ವ್ಯಾಪಾರ ಬಾಯಿಮಾತಿನಲ್ಲಿ ಕುದುರುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲು ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಕೈ ಅದುಮಿದರೆ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ವ್ಯಾಪಾರ ಮುರಿಯುವಂತಿಲ್ಲ. ಮುರಿದವನ ಜೊತೆ ಮತ್ತೆ ಯಾರೂ ಟವೆಲು ಹಾಕುವುದಿಲ್ಲ. ಏಕಾಂತಪ್ಪನವರು ಟವೆಲಿನೊಳಗೆ ಒಂದೇ ಒಂದು ಬೆರಳು ಕೊಟ್ಟರು. ಅಂದರೆ ಒಂದು ಹಸು. ಜಯಪ್ಪ ಅದುಮಿದ.

ಹಸುವಿನ ಹೆಸರು ಕೆಂಪಿ. ಅದು ಮಹಾಂತಮ್ಮನ ತವರುಮನೆಯಿಂದ ಕರುವಾಗಿ ಬಂದದ್ದು. ಆ ಹೊತ್ತಿಗೆ ಮಹಾಂತಮ್ಮ ಕುಂಸಿಯ ತವರಿಗೆ ಹೋಗಿದ್ದರು. ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವರು ವಾಪಸು ಬಂದವರೇ ಕೊಟ್ಟಿಗೆಗೆ ಹೋದರು. ಗೂಟಕ್ಕೆ ರೈಫಲ್ಲು ಒರಗಿಸಿಟ್ಟಿತ್ತು. ಹಿಡಿಯ ಮೇಲೆ ಏಕಾಂತಪ್ಪನವರು ತಮ್ಮ ಹಣೆಯ ಅಳತೆಯಲ್ಲೇ ಮೂರು ಎಳೆ ವಿಭೂತಿ ಹಚ್ಚಿದ್ದರು.

“ಕೆಂಪಿ ಎಲ್ಲಿ?”

“ನೋಡು, ಯುದ್ಧಕಾಲದಲ್ಲಿ…”

“ಕೆಂಪಿ ಎಲ್ಲಿ ಅಂದೆ!”

ಹೇಳಿದರು. ಮಹಾಂತಮ್ಮ ಅಳಲಿಲ್ಲ, ಕೂಗಲಿಲ್ಲ. ಅದಕ್ಕೇ ಏಕಾಂತಪ್ಪನವರಿಗೆ ಹೆಚ್ಚು ಭಯವಾದದ್ದು.

“ದಾಕ್ಷಾಯಣಿ ಚೊಚ್ಚಲ ಬಸುರಿ. ಹೆರಿಗೆಗೆ ಇಲ್ಲಿಗೇ ಬರ್ತಾಳೆ. ಕಡ್ಡಿ ಆಗಿದಾಳೆ ಮಗಳು, ದಿನಾ ಹೊಟ್ಟೆ ತುಂಬ ಹಾಲು ಕುಡಿಸಿ ಅಂದಿದಾರೆ ಸೂಲಗಿತ್ತಿ. ಏನು ಕುಡಿಸ್ಲಿ? ಇದನ್ನ ಕರೀಲಾ?” ಎಂದು ರೈಫಲ್ಲಿನ ನಳಿಗೆಯನ್ನು ತೋರಿಸಿದರು. “ಅವಳು ಹೊಸ್ತಿಲು ದಾಟೋ ಹೊತ್ತಿಗೆ ಕೆಂಪಿ ಈ ಗೂಟದಲ್ಲಿರ್ಬೇಕು. ಇಲ್ದಿದ್ರೆ ಅವಳನ್ನ ಕರ್ಕೊಂಡು ಕುಂಸಿಗೆ ಹೋಗ್ತೀನಿ. ಬಾಣಂತನ ಅಲ್ಲೇ. ನೀವು ನಿಮ್ಮ ರೈಫಲ್ಲಿನ ಬಾಣಂತನ ಮಾಡ್ಕೊಂಡಿರಿ.”

ತೋಟಾಗಳನ್ನು ಅವರು ಖಾಲಿ ಉಪ್ಪಿನಕಾಯಿ ಜಾಡಿಗೆ ಸುರಿದು ಅಟ್ಟಕ್ಕೆ ಏರಿಸಿದರು. ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಂದರು.

 ಮಗಳೆಂದರೆ ಏಕಾಂತಪ್ಪನವರಿಗೆ ಪ್ರಾಣ. ಅವಳು ಹಾಲಿಲ್ಲದ ಮನೆಗೆ ಬಂದು, ಬಂದ ದಾರಿಯಲ್ಲೇ ತಿರುಗಿ ಹೋಗುವುದನ್ನು ನೆನೆದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಮೂಗಿನ ಮೇಲೆ ನಂಬಿಕೆ. ರೈಫಲ್ಲಿನ ದರ ಇನ್ನೂ ಏರುತ್ತದೆ, ಆಗ ಒಂದು ಹಸುವಿಗೆ ಎರಡು ಹಸು ತರುತ್ತೇನೆ ಎಂದು ಕಾದರು.

ಆ ದರ ಕರಗಿದಷ್ಟು ಬೇಗ ಬೆಲ್ಲ ಕೂಡ ಕರಗುವುದಿಲ್ಲ! ಮಳೆಗಾಲ ಹಿಡಿಯಿತು. ಒಂದು ವಿಮಾನವೂ ಬರಲಿಲ್ಲ. ಮೋಡದಲ್ಲಿ ಜಪಾನಿನವನಿಗೆ ಶಿವಮೊಗ್ಗ ಕಾಣುವುದಿಲ್ಲ ಎಂದು ಪೇಟೆಯವರು ಹೊಸ ಲೆಕ್ಕ ಹಾಕಿದರು. ಎಲ್ಲರೂ ಒಟ್ಟಿಗೇ ರೈಫಲ್ಲು ಮಾರಲು ಹೊರಟರು, ಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಪಕ್ಕದ ಮನೆಯ ಮುರುಗೇಶಪ್ಪ, ಬೇಸಿಗೆಯಲ್ಲೂ ರೈಫಲ್ಲು ಕೊಳ್ಳದೆ ಊರಿನವರಿಂದ ಜುಗ್ಗ ಅನ್ನಿಸಿಕೊಂಡಿದ್ದವರು, ಈಗ ದಿನಾ ಗೋಡೆಯ ಮೇಲಿಂದ ಇಣುಕತೊಡಗಿದರು.

“ಏಕಾಂತಪ್ಪನೋರೇ, ಬಟ್ಟೆ ಒಣಗಿಸೋಕೆ ಒಂದು ಗಳ ಬೇಕಿತ್ತು. ನಿಮ್ಮ ಹತ್ರ ಕಬ್ಬಿಣದ್ದೇ ಇದೆಯಂತಲ್ಲ?”

ಏಕಾಂತಪ್ಪನವರು ರೈಫಲ್ಲು ಹೊತ್ತು ಭದ್ರಾವತಿಗೆ ಓಡಿದರು. ಜಯಪ್ಪ ಬೀಗ ರಿಪೇರಿ ಮಾಡುತ್ತಿದ್ದ.

“ಹಸುನ ವಾಪಸು ಕೊಡು, ಮಾರಾಯ. ರೈಫಲ್ಲು ತಗೋ.”

“ಬೇಡ ಸಾಹುಕಾರ್ರೇ. ಬೆಳಿಗ್ಗೆಯಿಂದ ನಾಲ್ಕು ಜನ ಬಂದು ಕಾಲು ಹಿಡಿದು ಹೋದ್ರು. ಕೆಂಪಿ ಹಾಲು ಮಾತ್ರ ಏನು ಗಟ್ಟಿ ಅಂತೀರಿ! ಒಂದು ಲೋಟ ಕುಡೀತೀರಾ?”

ಕುಡಿದರು. ತಮ್ಮದೇ ಹಸುವಿನ ಹಾಲನ್ನು ಬೇರೆಯವರ ಮನೆಯಲ್ಲಿ ಕುಡಿಯುವಾಗ ಏಕಾಂತಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದರೆ ಅಳಿಯನ ಊರಿನಿಂದ ಕಾರ್ಡು ಬಂದಿತ್ತು. ದಾಕ್ಷಾಯಣಿಯನ್ನು ಕರೆದುಕೊಂಡು ಅವಳ ಮಾವನವರು ಬರುವ ಸೋಮವಾರ ಮಧ್ಯಾಹ್ನದ ರೈಲಿಗೆ ಬರುತ್ತಾರಂತೆ. ಮಹಾಂತಮ್ಮ ಕಾರ್ಡು ಓದಿ ಮಂಚದ ಕೆಳಗಿನ ಟ್ರಂಕು ಹೊರಗೆಳೆದು ಧೂಳು ಹೊಡೆಯತೊಡಗಿದರು.

ಆಗ ಬಂತು ಏಕಾಂತಪ್ಪನವರಿಗೆ ಆ ಮಹಾ ಉಪಾಯ! ಹೆದರಿಕೆಯಿಂದ ಏರಿದ ದರ ಹೆದರಿಕೆ ಹೋದದ್ದಕ್ಕೆ ಇಳಿದಿದೆ. ಹಾಗಾದರೆ ಒಂದು ಚಿಟಿಕೆ ಹೆದರಿಕೆ ಹಾಕಿದರಾಯಿತು! ಮರುದಿನ ಪೇಟೆಯ ಹೋಟೆಲಿನಲ್ಲಿ ಕಾಫಿ ಹೀರುತ್ತ, ಕೇಳುವವರಿಗೆಲ್ಲ ಕೇಳುವಷ್ಟು ಗುಟ್ಟಾಗಿ ಹೇಳಿದರು:

“ಕುಂಸಿ ಕಡೆ ಒಬ್ಬ ಜಪಾನಿನವನು ಕೊಡೆ ಹಿಡ್ಕೊಂಡು ಆಕಾಶದಿಂದ ಇಳಿದನಂತೆ. ನಮ್ಮ ಭಾವಮೈದ ಕಣ್ಣಾರೆ ನೋಡಿದಾನೆ. ಯಾರಿಗೂ ಹೇಳಬೇಡಿ.”

ಯಾರಿಗೂ ಹೇಳಬೇಡಿ ಎಂದದ್ದರಿಂದ ಮಾತು ಊಟದ ಹೊತ್ತಿಗೆ ಹೊಳೆ ದಾಟಿತ್ತು. ಭಾನುವಾರ ಬೆಳಿಗ್ಗೆ ಜಯಪ್ಪನೇ ಕೆಂಪಿಯನ್ನು ಹೊಡೆದುಕೊಂಡು ಬಾಗಿಲಿಗೆ ಬಂದ! ಗಿರಾಕಿಯೊಬ್ಬ ಅಂಗಡಿಯ ಮುಂದೆ ಬೆಳ್ಳಿ ರೂಪಾಯಿ ಹಿಡಿದು ಕೂತಿದ್ದಾನೆ, ಅಂಗಡಿಯಲ್ಲಿ ಒಂದೂ ರೈಫಲ್ಲಿಲ್ಲ ಎಂದ. ಜಗಲಿಯ ಮೇಲೆ ಟವೆಲು ಹಾಕಿದರು, ಬೆರಳು ಹಿಡಿದರು, ಅದುಮಿದರು. ರೈಫಲ್ಲು ಹೋಯಿತು, ಕೆಂಪಿ ಗೂಟಕ್ಕೆ ಬಂತು.

“ನೋಡಿದೆಯಾ ನನ್ನ ಮೂಗು!” ಎಂದರು ಏಕಾಂತಪ್ಪನವರು. ಮಹಾಂತಮ್ಮ ಕೆಂಪಿಯ ಕೊರಳು ತಬ್ಬಿಕೊಂಡು ನಿಂತಿದ್ದರು. ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು.

ಕಥೆ ಇಲ್ಲಿಗೇ ನಿಲ್ಲಬೇಕಿತ್ತು. ಏಕಾಂತಪ್ಪನವರು ಬಾಯಿಗೆ ಬೀಗ ಹಾಕಿ ಮನೆಯಲ್ಲೇ ಕೂತಿದ್ದರೆ ನಿಲ್ಲುತ್ತಲೂ ಇತ್ತು. ಸಂಜೆ ಗೆದ್ದ ಖುಷಿಯಲ್ಲಿ ಪೇಟೆಗೆ ಹೋದರು. ಬೀದಿಯ ತುಂಬ ಜನ.

“ಸಾಹುಕಾರ್ರೇ, ಕೇಳಿದ್ರಾ? ಕುಂಸಿ ಹತ್ರ ಮುನ್ನೂರು ಜನ ಕತ್ತಿ ಹಿಡ್ಕೊಂಡು ಇಳಿದಿದಾರಂತೆ!” ಎಂದ ಗಾಡಿಯ ಬೀರಪ್ಪ.

ಏಕಾಂತಪ್ಪನವರು ಮೊದಲು ಒಳಗೊಳಗೇ ನಕ್ಕರು. ಆಮೇಲೆ ನಗು ನಿಂತಿತು. ನಾನು ಹೇಳಿದ್ದು ಒಬ್ಬ, ಇವನು ಹೇಳುವುದು ಮುನ್ನೂರು. ನಾನು ಕೊಡೆ ಎಂದೆ, ಇವನು ಕತ್ತಿ ಎನ್ನುತ್ತಿದ್ದಾನೆ. ಅಂದರೆ ಇದು ನನ್ನ ಮಾತಲ್ಲ, ಬೇರೆಯದೇ ಸುದ್ದಿ! ನಾನು ಸುಳ್ಳೆಂದು ಹೇಳಿದ್ದು ನಿಜವಾಗಿಯೂ ಆಗಿಹೋಗಿದೆ!  ಮಗಳು ನಾಳೆ ಬರುತ್ತಾಳೆ. ತುಂಬಿದ ಬಸುರಿ, ಓಡುವ ಹಾಗೂ ಇಲ್ಲ. ಮನೆಯಲ್ಲಿ ಇರುವ ಆಯುಧವೆಂದರೆ ಒನಕೆ!

 ಆ ರಾತ್ರಿ ಅವರು ಎರಡು ಸಲ ಎದ್ದು ಬಾಗಿಲ ಅಗಣಿ ನೋಡಿದರು. ಒಂದು ಸಲ ಕೊಟ್ಟಿಗೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಮಹಾಂತಮ್ಮ ಮಲಗಿದಲ್ಲಿಂದಲೇ ಆ ನಿಟ್ಟುಸಿರನ್ನು ಕೇಳಿಸಿಕೊಂಡರು.

ಕೋಳಿ ಕೂಗುವ ಮೊದಲೇ ಏಕಾಂತಪ್ಪನವರು ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕತ್ತಲಲ್ಲೇ ಹಸು ಬಿಚ್ಚಿಕೊಂಡು ಭದ್ರಾವತಿಯ ದಾರಿ ಹಿಡಿದರು. ದಾರಿಯುದ್ದಕ್ಕೂ ಅದಕ್ಕೆ ಸಮಾಧಾನ ಹೇಳಿದರು. “ತಪ್ಪು ತಿಳ್ಕೋಬೇಡ ತಾಯಿ. ಹಾಲು ಎಲ್ಲಿಂದಾದ್ರೂ ತರಬಹುದು, ಮಗಳನ್ನ ಎಲ್ಲಿಂದ ತರ್ಲಿ?” 

ಜಯಪ್ಪ ಅಂಗಡಿಯ ಒಳಗೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಮುಂದೆ ವಿಭೂತಿ ಹಚ್ಚಿದ ಅದೇ ರೈಫಲ್ಲು. ಏಕಾಂತಪ್ಪನವರು ಹಸುವನ್ನು ಹೊರಗಿನ ಕಂಬಕ್ಕೆ ಕಟ್ಟಿದವರೇ ಒಳಗೆ ನುಗ್ಗಿ ಟವೆಲು ಹಾಸಿ ಬೆರಳು ಚಾಚಿದರು.

“ರೈಫಲ್ಲು ಕೊಡು! ಹಸು ಹೊರಗಿದೆ. ಬೇಗ!”

ಜಯಪ್ಪ ಹೊರಗೆ ಇಣುಕಿ ಕೂಡ ನೋಡಲಿಲ್ಲ. ಟವೆಲಿನೊಳಗೆ ಕೈ ತೂರಿಸಿ, ಬೆರಳು ನೋಯುವ ಹಾಗೆ ಅದುಮಿಬಿಟ್ಟ.

“ದೇವರ ಹಾಗೆ ಬಂದ್ರಿ ಸಾಹುಕಾರ್ರೇ! ಆ ಗಿರಾಕಿ ನಿನ್ನೆ ಸಂಜೇನೇ ಕೈ ಕೊಟ್ಟ. ಸುದ್ದಿ ಸುಳ್ಳಂತೆ. ಕುಂಸಿಯವರೇ ಇಲ್ಲಿಗೆ ಬಂದಿದ್ರು, ಒಂದು ಕಾಗೆನೂ ಇಳಿದಿಲ್ಲ ಅಂದ್ರು.”

“ಮುನ್ನೂರು ಜನ?”

“ಒಬ್ಬನಿಂದ ಶುರುವಾಗಿ ಮುನ್ನೂರು ಆಗಿದ್ದಂತೆ.”

“ಆ ಒಬ್ಬನನ್ನ ಹುಟ್ಟಿಸಿದ್ದು ಯಾರು?”

“ಯಾರೋ ಬೆಲ್ಲದ ಮಂಡಿಯವರು ಅಂತ ಕೇಳಿದೆ. ನಿಮಗೆ ಗೊತ್ತಿರ್ಬೇಕಲ್ಲ?”

ಏಕಾಂತಪ್ಪನವರು ಬೆಂಚಿನ ಮೇಲೆ ಕುಸಿದರು. ವ್ಯಾಪಾರ ಮುರಿಯೋಣ ಎಂದು ಬಾಯಿ ತೆಗೆದರೆ ಜಯಪ್ಪ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. “ಕೈ ಅದುಮಿದ ಮೇಲೆ ನೀವೇ ಹೀಗಂದ್ರೆ ಹೆಂಗೆ?” ಎಂದ.  ಏಕಾಂತಪ್ಪನವರು ರೈಫಲ್ಲು ಹೆಗಲಿಗೇರಿಸಿ, ಹಸುವಿನ ಮುಖ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿಕೊಂಡು ಸ್ಟೇಷನ್ನಿಗೆ ಹೋದರು.

ರೈಲಿನ ಡಬ್ಬಿ ಹತ್ತಿದರೆ ಎದುರಿಗೇ ದಾಕ್ಷಾಯಣಿ, ಪಕ್ಕದಲ್ಲಿ ಅವಳ ಮಾವ!

“ಅಪ್ಪಾ! ಇದೇನು ಕೋವಿ?”

“ನಿನ್ನ ಕರ್ಕೊಂಡು ಹೋಗೋಕೆ ಬಂದೆ, ಮಗಾ.”

ಬೀಗರು ಇನ್ನೊಂದಿಷ್ಟು ಆಚೆ ಸರಿದು ಕೂತರು.

“ಕೆಂಪಿ ಹೇಗಿದಾಳಪ್ಪಾ? ದಾರಿಯುದ್ದಕ್ಕೂ ಅವಳದೇ ನೆನಪು. ನೊರೆಹಾಲು ಕುಡೀಬೇಕು ಅಂತ ಬಾಯಿ ಕೇಳ್ತಿದೆ,” ಎಂದಳು ಮಗಳು. ಕೆನ್ನೆಯ ಮೂಳೆ ಕಾಣುತ್ತಿತ್ತು. ಏಕಾಂತಪ್ಪನವರು ಕಿಟಕಿಯ ಕಡೆ ತಿರುಗಿ, ಕಣ್ಣಿಗೆ ಇಂಜಿನ್ನಿನ ಕರಿ ಬಿತ್ತು ಎಂದರು. ಶಿವಮೊಗ್ಗ ಬರದೇ ಇರಲಿ, ಈ ರೈಲು ಹೀಗೇ ಹೋಗುತ್ತಿರಲಿ ಎಂದು ಶಿವನನ್ನು ಬೇಡಿಕೊಂಡರು. ಆದರೆ ಅವತ್ತು ರೈಲು ಸರಿಯಾದ ಹೊತ್ತಿಗೇ ಬಂದುಬಿಟ್ಟಿತು.

ಮಹಾಂತಮ್ಮ ಬಾಗಿಲಲ್ಲಿ ಮಗಳಿಗೆ ಆರತಿ ಎತ್ತಿದರು. ಗಂಡನ ಹೆಗಲ ಮೇಲಿನ ರೈಫಲ್ಲನ್ನು ನೋಡಿಯೂ ನೋಡದವರಂತೆ ಒಳಗೆ ಹೋಗಿ, ತುಂಬಿದ ಲೋಟ ತಂದು ಮಗಳ ಕೈಗಿಟ್ಟರು. ನೊರೆಹಾಲು! ಏಕಾಂತಪ್ಪನವರು ಕೊಟ್ಟಿಗೆಗೆ ಓಡಿದರು. ಗೂಟದಲ್ಲಿ ಕೆಂಪಿ ಮೆಲುಕು ಹಾಕುತ್ತಿತ್ತು.

“ಇದು… ಇದು ಹೆಂಗೆ?”

“ನಿನ್ನೆ ನೀವು ಪೇಟೆಯಿಂದ ಬಂದಾಗಲೇ ನಿಮ್ಮ ಮುಖ ಹೇಳ್ತಿತ್ತು,” ಎಂದರು ಮಹಾಂತಮ್ಮ. “ನೀವು ಬಚ್ಚಲಿಗೆ ಹೋದಾಗ ಕೆಂಪೀನ ಪಕ್ಕದ ಮುರುಗೇಶಪ್ಪನೋರ ಕೊಟ್ಟಿಗೇಲಿ ಕಟ್ಟಿ, ಅದೇ ಬಣ್ಣದ ಅವರ ಗೊಡ್ಡು ಹಸುನ ಇಲ್ಲಿ ಕಟ್ಟಿದ್ದೆ. ನೀವು ಹೋಗದೆ ಇದ್ರೆ ಬೆಳಿಗ್ಗೆ ವಾಪಸು ಕಟ್ಟೋಣ ಅಂತ. ಇಷ್ಟು ವರ್ಷ ಹಾಲು ಕುಡಿದಿದೀರಿ, ಒಂದು ದಿನನಾದ್ರೂ ಅದರ ಮುಖ ನೋಡಿದೀರಾ?”

ಏಕಾಂತಪ್ಪನವರಿಗೆ ಹೆಂಡತಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬೀಳುವುದರೊಳಗೆ ಬಾಗಿಲಲ್ಲಿ ಮುರುಗೇಶಪ್ಪ ನಿಂತಿದ್ದರು.

“ನಮ್ಮ ಹಸು ಎಲ್ಲಿ, ಏಕಾಂತಪ್ಪನೋರೇ?”

ಏಕಾಂತಪ್ಪನವರು ಹೆಗಲಿನ ರೈಫಲ್ಲು ಇಳಿಸಿ, ವಿಭೂತಿಯನ್ನು ಪಂಚೆಯ ಚುಂಗಿನಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ನೀಡಿದರು.

“ಇದನ್ನ ತಗೊಳ್ಳಿ. ಬೇಸಿಗೇಲಿ ಇದಕ್ಕೆ ಕರೆಯೋ ಹಸು ಕೊಟ್ಟಿದ್ದೆ.”

ಮುರುಗೇಶಪ್ಪ ರೈಫಲ್ಲನ್ನು ಮೇಲಿಂದ ಕೆಳಗೆ ನೋಡಿದರು. ನಳಿಗೆಯೊಳಗೆ ಒಂದು ಕಣ್ಣಿಟ್ಟು ಇಣುಕಿದರು. ಆಮೇಲೆ ವಾಪಸು ಏಕಾಂತಪ್ಪನವರ ಕೈಗೇ ಇಟ್ಟರು.

“ಬೇಡ ಮಾರಾಯ್ರೇ. ನಮ್ಮದು ಗೊಡ್ಡಾದ್ರೂ ಸಗಣಿನಾದ್ರೂ ಹಾಕ್ತಿತ್ತು.”