ಚಮಚ ಇಟ್ಟರೆ ಸಾಕು ಎಂದರ್ಥ

ನಮ್ಮ ಗೌಡರ ಜೊತೆ ಊಟಕ್ಕೆ ಕೂತು, ಏನೂ ಆಗದೆ ಕೈ ತೊಳೆದು ಎದ್ದವರನ್ನು ನಾನಿನ್ನೂ ನೋಡಿಲ್ಲ. ಯಲಹಂಕದ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದರೂ ಏನಾದರೊಂದು ಆಗುತ್ತದೆ. ಹಾಗಿರುವಾಗ ಅವರನ್ನು ಜರ್ಮನಿಯ ಕಡಲ ದಂಡೆಗೆ ಕರೆದುಕೊಂಡು ಹೋದರೆ, ಎಲ್ಲಿ ಉಣ್ಣಬೇಕು, ಏನು ಕುಡಿಯಬೇಕು ಎಂದು ಮೊದಲೇ ಓದಿಕೊಂಡು ಹೋದವನ ಗತಿ ಏನಾಗಬೇಕು? ಆದದ್ದನ್ನು ಹೇಳುತ್ತೇನೆ.

ಗೌಡರು ನನ್ನ ಯಜಮಾನರು. ಅಬ್ಬಿಗೆರೆಯ ಹಳೇ ಒಕ್ಕಲು ಮನೆತನ. ಹೊಲವೆಲ್ಲ ಲೇಔಟ್ ಆದಮೇಲೆ ಉಳಿದ ಜಾಗದಲ್ಲಿ ರಾಗಿ ಹುರಿಹಿಟ್ಟಿನ ಫ್ಯಾಕ್ಟರಿ ಹಾಕಿದ್ದಾರೆ. ನಾನು ಅದರ ಮ್ಯಾನೇಜರ್. ನಮ್ಮ ಹಿಟ್ಟು ಒಳ್ಳೆಯದು, ಪ್ಯಾಕೆಟ್ ಕೆಟ್ಟದ್ದು. ಅಂಚು ಬಿಟ್ಟುಕೊಂಡು, ಗಿರಾಕಿಗಿಂತ ಮೊದಲು ಇರುವೆಗೆ ಸಿಗುತ್ತದೆ. ಇದಕ್ಕೆ ಸರಿಯಾದ ಮೆಷೀನು ಉತ್ತರ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿದೆ, ಟೀಪುಡಿ ಪೊಟ್ಟಣ ಕಟ್ಟುವ ಮೆಷೀನು ಮಾಡುವ ಮನೆತನ ಅದು, ಅದನ್ನೇ ತರೋಣ ಎಂದು ನಾನು ಎರಡು ವರ್ಷ ಹಟ ಹಿಡಿದಿದ್ದೆ. ಗೌಡರ ಭಾಮೈದ ಮಾತ್ರ ಯಶವಂತಪುರದ ತನ್ನ ಶೆಡ್ಡಿನಲ್ಲಿ ತಾನೇ ಒಂದು ಮಾಡಿಕೊಡುತ್ತೇನೆ ಎಂದು ಕೂತಿದ್ದ. ಆತನ ಮೆಷೀನು ಒಳಗೆ ಬಂದ ದಿನ ನಾನು ಹೊರಗೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಆಡಿದ ಮಾತಿಗೆ ತಪ್ಪುವವನಲ್ಲ ನಾನು. ಅದೇ ನನ್ನ ಕಷ್ಟ.

ಕೊನೆಗೂ ಗೌಡರು ಹೊರಟರು. ಒಂದೇ ಷರತ್ತು ಹಾಕಿದರು.

"ನೋಡಿ ಮ್ಯಾನೇಜ್ರೇ, ಕೊಡೋರ ಕಡೆ ಒಟ್ಟೆ ತುಂಬ ಉಂಡು, ತೇಗದೆ, ನಾನು ಯಾವ ಕಾಗದಕ್ಕೂ ರುಜು ಆಕಿಲ್ಲ. ಒಲ ಮಾರ್ದಾಗ್ಲೂ ಅಷ್ಟೇಯ. ನಮ್ಮಪ್ಪನ ಕಾಲ್ದಿಂದ ಇಂಗೇ."

ಮೆಷೀನಿನ ವೇಗ, ಉಷ್ಣಾಂಶ, ಅಂಚಿನ ಬಿಗಿ ಎಲ್ಲವನ್ನೂ ಅಳೆದಿದ್ದ ನಾನು, ತೇಗನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಕ್ಕಿಯ ಪಾಲು

ಹೋದ ದಿನ ಭಾನುವಾರ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ದೋಣಿ ನಿಲ್ಲುವ ಕಟ್ಟೆಯ ಮೇಲೆ ಒಂದು ಮೀನಿನ ಗಾಡಿ ಮಾತ್ರ ತೆರೆದಿತ್ತು. ಗಟ್ಟಿ ಬನ್ನು ಸೀಳಿ, ನಡುವೆ ಮೀನು, ಈರುಳ್ಳಿ ಇಟ್ಟು ಕೊಡುತ್ತಾರೆ. ಆ ದಂಡೆಯಲ್ಲಿ ನಂಬಿ ತಿನ್ನಬಹುದಾದ ತಿಂಡಿ ಅದು ಎಂದು ನಾನು ಓದಿದ್ದೆ. ಕಡಲ ಹಕ್ಕಿಗಳಿವೆ, ಎಚ್ಚರ ಎಂದು ಗಾಡಿಯ ಮೇಲೆ ಬೋರ್ಡೂ ಇತ್ತು. ಅದನ್ನು ಓದಿ ಹೇಳಲು ತಿರುಗಿದೆ.

ಅಷ್ಟರಲ್ಲಿ ಗೌಡರು ಬನ್ನನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಹಿರಿಯರನ್ನು ನೆನೆಯುತ್ತಿದ್ದರು. ಊರಲ್ಲಿ ಮೊದಲ ತುತ್ತು ತಿನ್ನುವ ಮುಂಚೆ ಹಾಗೆ ಮಾಡುವುದು ಅವರ ರೂಢಿ. ಕೋಳಿಯಷ್ಟು ದಪ್ಪದ ಬಿಳೀ ಹಕ್ಕಿಯೊಂದು ಹಣೆ ಮೇಲಿಂದಲೇ ಬನ್ನನ್ನು ಎತ್ತಿಕೊಂಡು ಹೋಯಿತು.

ಬೈಯುತ್ತಾರೆ ಎಂದುಕೊಂಡೆ. ಕಣ್ಣು ಬಿಟ್ಟವರು ಆ ಹಕ್ಕಿಯನ್ನು ನೋಡುತ್ತ ಕೈ ಮುಗಿದರು. "ನಮ್ಮಪ್ಪ ಕಣ್ರೀ. ಅಬ್ಬಿಗೆರೇಲಿ ವರ್ಸಾ ವರ್ಸಾ ಎಡೆ ಇಟ್ಟು ಗಂಟ್ಲು ಅರ್ಕೊಂಡ್ರೂ ಒಂದು ಕಾಗೆ ಬರಕಿಲ್ಲ. ಇಲ್ಲಿ ಕರೀದೇನೇ ಬಂದವ್ರೆ."

ಇನ್ನೊಂದು ಬನ್ನು ಕೊಂಡು, ಬೇಕೆಂದೇ ತಲೆಯ ಮೇಲೆ ಎತ್ತಿ ಹಿಡಿದರು. ಈ ಸಲ ಅವರ ವಂಶವೇ ಇಳಿದು ಬಂದಹಾಗಾಯಿತು. ಗಾಡಿಯಾಕೆ ಹೊರಗೆ ಬಂದು, ಹಕ್ಕಿಗಳಿಗೆ ಹಾಕಬಾರದು, ಇಲ್ಲಿ ಅದಕ್ಕೆ ದಂಡವಿದೆ ಎಂದು ನನ್ನ ಮೇಲೆ ರೇಗಿದಳು. ಕಾನೂನು ಅವಳ ಕಡೆ ಇತ್ತು. ನಾನು ಜೀವಮಾನವೆಲ್ಲ ಕಾನೂನಿನ ಕಡೆ ನಿಂತವನು. ಆದರೆ ಅದು ಹಕ್ಕಿಯಲ್ಲ, ನಮ್ಮ ಯಜಮಾನರ ತಂದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನನ್ನ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ಅಂದು ಗೌಡರು ಬರೀ ಬ್ರೆಡ್ಡು ತಿಂದು ಮಲಗಿದರು. ಅವರ ತಂದೆ ಚೆನ್ನಾಗಿ ಉಂಡಿದ್ದರು.

ಅಬ್ಬಿಗೆರೆಯಲ್ಲಿ ಈಗ ಎಷ್ಟು ಗಂಟೆ

ಮರುದಿನ ಸಂಜೆ ಮೆಷೀನು ಮಾಡುವ ಮನೆತನದ ಮಗ ನಮ್ಮನ್ನು ಊಟಕ್ಕೆ ಕರೆದ. ನೀರಿನ ಅಂಚಿನಲ್ಲೇ ಹೋಟೆಲು. ಇಡೀ ಮೀನು ಹುರಿದು, ಬೆಣ್ಣೆ ಸುರಿದು ತಂದಿಟ್ಟರು. ಕಾಗದ ನನ್ನ ಬ್ಯಾಗಿನಲ್ಲಿ ಸಿದ್ಧವಾಗಿತ್ತು.

"ಇವತ್ತು ಏನು ವಾರ?" ಎಂದರು ಗೌಡರು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಸೋಮವಾರ ಎಂದೆ. ಅವರು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

ಮೀನು ತಿನ್ನುವುದಿಲ್ಲವೇ ಎಂದು ಆ ಮಗ ಕೇಳಿದ. ತಿನ್ನುತ್ತಾರೆ ಎಂದೆ. ಹಾಗಾದರೆ ಮೈಗೆ ಹುಷಾರಿಲ್ಲವೇ? ಇದೆ. ಈ ಮೀನು ಸೇರದೇ? ಸೇರುತ್ತದೆ. ಮತ್ತೆ? ಇವತ್ತು ಸೋಮವಾರ. ಆತ, ನಿಮ್ಮ ಕಡೆ ಮೀನಿಗೆ ಸೋಮವಾರ ರಜೆಯೇ ಎಂದ. ಬದಲಿಗೆ ಹುರಿದ ಆಲೂಗಡ್ಡೆ ಬಂತು. ಅದರೊಳಗೆ ಕೆಂಪಗೆ ಇರುವುದು ಏನೆಂದು ಗೌಡರು ಕೇಳಿದರು. ಹಂದಿ ಎಂದು ನಿಜ ಹೇಳಿದೆ. ಅದೂ ಆಚೆ ಹೋಯಿತು.

ಹೊರಗೆ ಇನ್ನೂ ಬಿಸಿಲಿತ್ತು. ಸೌತೆಕಾಯಿ ಕಡಿಯುತ್ತಿದ್ದ ಗೌಡರ ಮುಖ ಇದ್ದಕ್ಕಿದ್ದಂತೆ ಅರಳಿತು. "ಮ್ಯಾನೇಜ್ರೇ, ಅಬ್ಬಿಗೆರೇಲಿ ಈಗ ಎಷ್ಟು ಗಂಟೆ?"

ಲೆಕ್ಕ ಹಾಕಿ, ನಡುರಾತ್ರಿ ಈಗಷ್ಟೇ ದಾಟಿದೆ ಎಂದೆ.

"ಅಂಗಾದ್ರೆ ಅಲ್ಲಿ ಮಂಗಳವಾರ ಬಂತು. ನಾನು ಸ್ವಾಮ್ವಾರ ಇಡಿಯೋದು ನಮ್ಮೂರ ಈಸ್ವರಂಗೆ, ಈ ಊರೋನಿಗಲ್ಲ. ತರಿಸ್ರಿ ಮೀನು."

ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ತಪ್ಪನ್ನು ಕಂಡು ತಿದ್ದದೆ ಇರುವುದು ನನ್ನಿಂದಾಗದು. ನಮ್ಮ ಪದ್ಧತಿಯಲ್ಲಿ ವಾರ ಬದಲಾಗುವುದು ನಡುರಾತ್ರಿಗಲ್ಲ, ಸೂರ್ಯೋದಯಕ್ಕೆ ಎಂದು ನೆನಪಿಸಿದೆ. ಗೌಡರು ನನ್ನನ್ನು ನೋಡಿದ ನೋಟದಲ್ಲಿ ಭಾಮೈದನ ಶೆಡ್ಡು ಪೂರ್ತಿ ಕಾಣುತ್ತಿತ್ತು. ಈಸ್ವರನ ಹತ್ರ ನಾನು ಮಾತಾಡ್ಕೊತೀನಿ, ನೀವು ಮೀನು ತರಿಸಿ ಎಂದರು.

ನಾವು ವಾದ ಮುಗಿಸಿ ಮಾಣಿಯನ್ನು ಕರೆಯುವ ಹೊತ್ತಿಗೆ ಹೋಟೆಲಿನ ಅಡುಗೆಮನೆ ಮುಚ್ಚಿತ್ತು. ಅವರು ಮುಚ್ಚುವ ಹೊತ್ತಿಗೆ ಸರಿಯಾಗಿ ಮುಚ್ಚುತ್ತಾರೆ. ನಮ್ಮಲ್ಲೂ ಇಂಥ ಶಿಸ್ತು ಬರಬೇಕು ಎಂದು ಇಪ್ಪತ್ತು ವರ್ಷದಿಂದ ಭಾಷಣ ಮಾಡುತ್ತಿದ್ದವನು ನಾನೇ.

ಸುಳ್ಳು ತೇಗು

ಅಲ್ಲಿ ನೀರು ಕೇಳಿದರೆ ಗುಳ್ಳೆ ಬರುವ ಸೋಡಾ ತಂದಿಡುತ್ತಾರೆ. ಹಸಿದ ಹೊಟ್ಟೆಗೆ ಗೌಡರು ಅದೇ ಮೇಜಿನಲ್ಲಿ ಒಂದು ಬಾಟಲಿ ಪೂರ್ತಿ ಕುಡಿದು, ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಂತೆ ತೇಗಿದರು. ನಾನು ನನ್ನ ಮಾನ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಪೆನ್ನಿನ ಕ್ಯಾಪು ತೆಗೆದೆ.

"ಒಳಗಿಟ್ಕೊಳ್ಳಿ," ಎಂದರು ಗೌಡರು. "ಇದು ಸುಳ್ಳು ತೇಗು."

ಚಮಚ

ಕೊನೆಯ ದಿನ. ಗೌಡರು ಆಗಲೇ ಭಾಮೈದನಿಗೆ ಫೋನು ಮಾಡಿ, ಶೆಡ್ಡಿನಲ್ಲಿ ಇದ್ದೀಯಾ ಎಂದು ವಿಚಾರಿಸಿದ್ದರು. ನಾನು ಜಾಲಹಳ್ಳಿ ಕಡೆ ಯಾವ ಫ್ಯಾಕ್ಟರಿಯಲ್ಲಿ ಕೆಲಸ ಕೇಳಲಿ ಎಂದು ಯೋಚಿಸುತ್ತಿದ್ದೆ. ಆಗ ಆ ಮಗ, ಹೊರಡುವ ಮುಂಚೆ ನಮ್ಮ ತಾಯಿ ಮನೆಗೆ ಟೀ ಕುಡಿಯಲು ಕರೆದಿದ್ದಾರೆ ಎಂದ.

ಆ ಸೀಮೆಯಲ್ಲಿ ಟೀ ಕುಡಿಯುವುದೆಂದರೆ ಒಂದು ಪೂಜೆ. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಬಿಸಿ ಟೀ ಸುರಿದರೆ ಅದು ಚಟಪಟ ಎನ್ನುತ್ತದೆ. ಅಂಚಿನಿಂದ ಕೆನೆ ಬಿಡುತ್ತಾರೆ. ಕಲಕುವಂತಿಲ್ಲ. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಅಲ್ಲಿಂದಾಚೆ ಸಾಕೆನಿಸಿದರೆ ಚಮಚವನ್ನು ಖಾಲಿ ಬಟ್ಟಲಿನೊಳಗೆ ಇಡಬೇಕು. ಇಡುವ ತನಕ ಮನೆಯಾಕೆ ಸುರಿಯುತ್ತಲೇ ಇರುತ್ತಾಳೆ. ಇದಿಷ್ಟನ್ನೂ ಗೌಡರಿಗೆ ಬಾಗಿಲಲ್ಲೇ ವಿವರವಾಗಿ ಹೇಳಿದ್ದೆ.

ಮೂರಾಯಿತು. ನಾನು ಚಮಚ ಇಟ್ಟೆ. ಗೌಡರು ಇಡಲಿಲ್ಲ. ನಮ್ಮಲ್ಲಿ ಮಾಡುವಂತೆ ಅಂಗೈ ಅಡ್ಡ ಹಿಡಿದು, ಸಾಕಮ್ಮ ಸಾಕು ಎಂದರು. ಆ ತಾಯಿ ಕೈಯನ್ನು ನೋಡಲಿಲ್ಲ. ಚಮಚವನ್ನು ನೋಡಿದರು. ಅದು ತಟ್ಟೆಯ ಮೇಲಿತ್ತು. ಸುರಿದರು. ಸಾಕು ಎಂದಮೇಲೂ ಬಡಿಸುವುದೇ ಉಪಚಾರ ಎಂದು ತಿಳಿದ ಗೌಡರು ಸಂತೋಷದಿಂದ ಕುಡಿದರು. ಮತ್ತೆ ಸಾಕು ಎಂದರು. ಮತ್ತೆ ಸುರಿದರು. ಜೊತೆಗೆ ದ್ರಾಕ್ಷಿ ಹಾಕಿದ ಬ್ರೆಡ್ಡು, ಅದರ ಮೇಲೆ ಬೆರಳು ದಪ್ಪ ಬೆಣ್ಣೆ. ಕೆಟಲು ಎರಡನೇ ಸಲ ಒಲೆ ಹತ್ತಿತು. ಗೌಡರ ಹಣೆಯಲ್ಲಿ ಬೆವರು ಒಡೆಯಿತು. ಆ ತಾಯಿ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ಸುರಿಯತೊಡಗಿದರು. ಮಗ ನನ್ನ ಮುಖ ನೋಡಿದ. ನಾನು ಮೇಜಿನ ಮೇಲೆ ಮೆಲ್ಲಗೆ ಕೈ ಚಾಚಿ ಅವರ ಚಮಚ ಹಿಡಿದೆ.

"ಮ್ಯಾನೇಜ್ರೇ, ಕೈ ತೆಗೀರಿ," ಎಂದರು ಗೌಡರು ಉಸಿರು ಬಿಗಿಹಿಡಿದು. "ಇಕ್ಕೋ ಕೈಗೆ ಬ್ಯಾಡ ಅನ್ನಬಾರ್ದು. ಆಯಮ್ಮನೇ ನಿಲ್ಲಿಸ್ಲಿ."

ಕೊನೆಗೆ ಟೀಪುಡಿಯ ಡಬ್ಬಿ ಖಾಲಿಯಾಯಿತು. ಆ ತಾಯಿ ಕುರ್ಚಿಗೆ ಒರಗಿ, ತಮ್ಮ ಚಮಚವನ್ನು ತಮ್ಮ ಬಟ್ಟಲಿನಲ್ಲೇ ಇಟ್ಟುಕೊಂಡರು. ಗೌಡರು ಕಣ್ಣು ಮುಚ್ಚಿದರು. ಗಾಜಿನ ಕಪಾಟಿನ ಬಟ್ಟಲುಗಳು ಅದುರುವಂತೆ ಒಂದು ತೇಗು ಬಂತು.

"ಪೆನ್ ಕೊಡ್ರಿ," ಎಂದರು.

ಮೆಷೀನನ್ನು ಅವರು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಎರಡು ವರ್ಷದ ನನ್ನ ಪರೀಕ್ಷೆ, ಅಳತೆಗಳಿಗೆಲ್ಲ ಅಲ್ಲಿಗೆ ಎಳ್ಳುನೀರು. ವಿಮಾನದಲ್ಲಿ ಕೂತಮೇಲೆ ನನ್ನ ಮೇಲೇ ಬೇಸರಪಟ್ಟುಕೊಂಡರು. "ನೀವು ಮೂರಕ್ಕೇ ಬಿಟ್ರಿ. ಆಯಮ್ಮ ಏನಂದ್ಕೊಂಡ್ರೋ."

ಅಬ್ಬಿಗೆರೆ

ಮೆಷೀನು ಬಂತು. ಜೋಡಿಸಿಕೊಡಲು ಆ ಮಗನೂ ಬಂದ. ಪೂಜೆ ಮುಗಿಸಿ ಗೌಡರ ಮನೆಯಲ್ಲಿ ಎಲೆ ಹಾಕಿದರು. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು. ಅತಿಥಿಗೆ ಮಾತ್ರ ಒಂದು ಚಮಚ ಕೊಟ್ಟಿದ್ದರು. ಎರಡನೇ ಮುದ್ದೆ ಮುಗಿದಮೇಲೆ ಆತ ತನ್ನ ಊರಿನ ರೀತಿಯಲ್ಲಿ, ಶಿಸ್ತಾಗಿ ಚಮಚವನ್ನು ಎಲೆಯ ನಡುವೆ ಇಟ್ಟ. ಚಮಚ ಕಂಡ ಗೌಡರ ಹೆಂಡತಿ, ಪಾಯಸಕ್ಕೆ ಕಾಯ್ತಾವ್ರೆ ಎಂದುಕೊಂಡು ಪಾಯಸ ಸುರಿದರು. ಆತ ಗಾಬರಿಯಾಗಿ ಎಲೆಗೆ ಕೈ ಅಡ್ಡ ಇಟ್ಟ. ಅವರು ಬೆರಳ ಸಂದಿಯಲ್ಲಿ ತುಪ್ಪ ಬಿಟ್ಟರು.

ಆತ ನನ್ನ ಕಡೆ ವಾಲಿ, ಅಳುವ ದನಿಯಲ್ಲಿ, ದಯವಿಟ್ಟು ಹೇಳಿ, ನಿಮ್ಮಲ್ಲಿ ಸಾಕು ಎನ್ನುವುದಕ್ಕೆ ಏನು ಗುರುತು ಎಂದು ಕೇಳಿದ.

ನಾನು ಯೋಚಿಸಿದೆ. ಎಲ್ಲದಕ್ಕೂ ಒಂದು ನಿಯಮ ಇರಬೇಕು ಎಂದು ನಂಬಿ ಬದುಕಿದವನು ನಾನು. "ಇಲ್ಲ," ಎಂದೆ.

ನಾವು ಪಿಸುಗುಟ್ಟುವುದು ಗೌಡರ ಕಣ್ಣಿಗೆ ಬಿತ್ತು. ಒಳಗಡೆ ತಿರುಗಿ ಹೆಂಡತಿಯನ್ನು ಕರೆದರು.

"ಲೇ, ಇನ್ನೊಂದು ಮುದ್ದೆ ಇಕ್ಕೇ. ಪಾಪ, ನಾಚ್ಕೊಂಡು ಮ್ಯಾನೇಜ್ರತ್ರ ಕೇಳ್ತಾವ್ರೆ."