ಬಕ್ಕೇಶ್ ಮೇಷ್ಟ್ರ ಬಾರೋ ಮತ್ತು ಲೆಂಡ್

"ಮಾಸ್ತರ್ರಿ, ನೀವು ಕಲಿಸಿದ ಇಂಗ್ಲಿಷಿಗೆ ನನ್ ಮೊಮ್ಮಗಳು ನಿನ್ನೆಯೆಲ್ಲ ಕ್ಲಾಸಿನ ಹೊರಗ ನಿಂತಾಳ!"

ಮಾಬೂಬೀ ವಿನೋಬನಗರದ ಓಣಿಗೆಲ್ಲ ಕೇಳುವಂತೆ ಕೂಗಿದಾಗ ಟ್ಯೂಷನ್ ಮೇಷ್ಟ್ರು ಬಕ್ಕೇಶ್ ಹಲ್ಲುಜ್ಜುತ್ತಿದ್ದರು. ಇಂಗ್ಲಿಷಿನ 'ಬಾರೋ' ಅಂದರೆ ಸಾಲ ಕೊಡುವುದು, 'ಲೆಂಡ್' ಅಂದರೆ ಸಾಲ ಇಸಿದುಕೊಳ್ಳುವುದು ಎಂದು ಶಾಲೆಯ ಮಿಸ್ಸು ಹೇಳಿದ್ದಳಂತೆ. ಮೊಮ್ಮಗಳು ಹುಮಾ ಎದ್ದು ನಿಂತು, "ಉಲ್ಟಾ ಮಿಸ್" ಎಂದಿದ್ದಳಂತೆ. ನಿನಗೆ ಕಲಿಸಿದ ಪಂಡಿತನನ್ನು ಕರಕೊಂಡು ಬಾ, ಅಲ್ಲಿತನಕ ಒಳಗೆ ಕಾಲಿಡಬೇಡ ಎಂದು ಮಿಸ್ಸಿನ ಹುಕುಂ ಆಗಿತ್ತು.

"ಹುಮಾ ಹೇಳಿದ್ದೇ ಸರಿ ಐತೆ," ಎಂದರು ಬಕ್ಕೇಶ್ ನೊರೆ ಉಗುಳಿ.

"ಅಲ್ಲಿ ಬಂದು ಹೇಳ್ರಿ ಮತ್ತ!"

ಪಕ್ಕದ ಮನೆಯ ಕೊಟ್ರವ್ವ ಗೋಡೆ ಮೇಲಿಂದ ಇಣುಕಿದಳು. "ಇಸ್ತ್ರಿ ಅಂಗಿ ಹಾಕ್ಕಂಡ್ ಹೋಗ್ರಿ ಸರ್. ಇವತ್ತು ಸೋತು ಬಂದ್ರೆ ನಮ್ ಹುಡುಗುರ್ನೂ ಟ್ಯೂಷನ್ ಬಿಡಿಸ್ತೀನಿ."

ಶಾಲೆಯಿದ್ದ ಸರಸ್ವತಿ ನಗರದವರೆಗೂ ಆಟೋದಲ್ಲಿ ಮಾಬೂಬೀ, ಹುಮಾ ಪಕ್ಕ ಕೂತು ಮೇಷ್ಟ್ರು ಚುನಾವಣೆಗೆ ನಿಂತವರಂತೆ ಭಾಷಣ ಗುನುಗಿದರು. ತರಗತಿಯ ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡರು. ಮಿಸ್ಸು ತಿರುಗಿ ನೋಡಿದವಳೇ ಓಡಿಬಂದು ಅವರ ಕಾಲು ಮುಟ್ಟಿದಳು.

"ಸರ್! ನಾನು ಸುನೀತಾ. ಹರಿಹರದಾಗ ನಿಮ್ ಟ್ಯೂಷನ್‌ಗೆ ಬರ್ತಿದ್ನಲ್ಲ! ಮಕ್ಳಾ ಏಳ್ರಿ, ನನ್ ಗುರುಗಳು!"

ಇಷ್ಟು ವರ್ಷದಲ್ಲಿ ಯಾರೂ ಅವರ ಕಾಲು ಮುಟ್ಟಿರಲಿಲ್ಲ. ಭಾಷಣ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯಾಯಿತು.

"ಅಲ್ಲಮ್ಮ, ಈ ಬಾರೋ, ಲೆಂಡ್..."

"ನೀವು ಕಲಿಸಿದ್ದೇ ಸರ್! ನನ್ ಮುಂದೆ ಬಂದು 'ಐ ಬಾರೋ ಯುವರ್ ಪೆನ್' ಅಂದ್ರಿ. ನಾ ಕೊಟ್ಟೆ. ಬಾರೋ ಅಂದ್ರೆ ಕೊಡೋದು. ಇವತ್ತಿಗೂ ಮರ್ತಿಲ್ಲ."

"ಇಸ್ಕಂಡಿದ್ದು ನಾನಲ್ಲೇನಮ್ಮ? ಲೆಂಡ್ ಅಂತ ವಾಪಸ್ ಕೊಟ್ಟು ತೋರಿಸ್ಲಿಲ್ಲೇನು?"

"ಎಲ್ಲಿ ಸರ್! ಜೇಬಿಗಿಟ್ಕಂಡು ಹೊಂಟೋದ್ರಿ." ಸುನೀತಾ ಪ್ರೀತಿಯಿಂದಲೇ ನಕ್ಕಳು. "ನೀವೇ ಹೇಳ್ರಿ ಮಕ್ಳಿಗೆ, ನಾ ಹೇಳಿದ್ದು ಸರಿನೋ, ತಪ್ಪೋ?"

ತಪ್ಪು ಎಂದರೆ ತಪ್ಪು ಯಾರದೆಂದು ಇಡೀ ತರಗತಿಗೆ ಗೊತ್ತಾಗುತ್ತಿತ್ತು. ಹುಮಾ ಬಾಗಿಲಲ್ಲಿ ನಿಂತು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು.

"ಮಿಸ್ ಹೇಳಿದ್ದೇ ಸರಿ," ಎಂದರು ಬಕ್ಕೇಶ್. "ಸಾರಿ ಕೇಳು ಹುಮಾ."

ಹುಮಾ ಸಾರಿ ಕೇಳಿ, ತಲೆ ತಗ್ಗಿಸಿ ತನ್ನ ಬೆಂಚಿಗೆ ಹೋದಳು.

ತರಗತಿಯ ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಮಾಬೂಬೀ ಗೇಟಿನ ಹೊರಗೆ ಬಂದು ನಿಂತಳು. "ಮುಂಜಾನೆ ಹುಡುಗಿ ಹೇಳಿದ್ದೇ ಸರಿ ಅಂದೋರು ನೀವೇ ಅಲ್ಲೇನ್ರಿ?"

"ಇಂಗ್ಲಿಷ್ನಾಗ ಎರಡೂ ಒಂಥರಾ ನಡಿತೈತೆ ಮಾಬೂಬಮ್ಮ."

ಮಾಬೂಬೀ ಆಟೋ ಹತ್ತಿದಳು. ಮೇಷ್ಟ್ರು ಕೂತು ಬಂದಿದ್ದ ಜಾಗದಲ್ಲಿ ತನ್ನ ಚೀಲ ಇಟ್ಟುಕೊಂಡಳು. ಆಟೋ ಹೊರಟಿತು.