ಹಾರ್ಡ್ ಡಿಸ್ಕಿನೊಳಗಿನ ಒಡಪು

ನನ್ನ ಷಡ್ಡಕ ವಿಜಯಮಹಾಂತೇಶನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಮುಖದ ಮೇಲೇ ಕಾಣುತ್ತದೆ ಎಂದು ಹೆಂಡತಿ ಮಹೇಶ್ವರಿ ಹೇಳುತ್ತಾಳೆ. ಅವನಿಗೆ ಇಳಕಲ್ಲಿನಲ್ಲಿ ಸೀರೆ ಅಂಗಡಿ ಇದೆ, ತಲೆ ತುಂಬ ಕೂದಲಿದೆ. ಅದನ್ನೆಲ್ಲ ಕ್ಷಮಿಸಿಯೇನು. ಆದರೆ ಯಾವ ಕಾರ್ಯವಿರಲಿ, ಒಡಪು ಹಾಕಿ ಗಂಡನ ಹೆಸರು ಹೇಳೆಂದು ಹೆಂಗಸರು ಸುತ್ತುವರಿದರೆ ಸಾಕು, ಅವನ ಹೆಂಡತಿ, ಅಂದರೆ ಮಹೇಶ್ವರಿಯ ಅಕ್ಕ ಬಸವೇಶ್ವರಿ, ಸೂರ್ಯಚಂದ್ರರನ್ನೆಲ್ಲ ಎಳೆತಂದು ಪ್ರಾಸ ಕಟ್ಟಿ ಕಡೆಗೆ ಅವನ ಹೆಸರು ಕೂಡಿಸುತ್ತಾಳೆ. ಅವನು ಮೀಸೆ ತಿರುವುತ್ತಾನೆ. ನನ್ನವಳು "ಶಂಕರಲಿಂಗ" ಎಂದಷ್ಟೇ ಹೇಳಿ ಚುರುಮುರಿ ತಿನ್ನಲು ಹೋಗುತ್ತಾಳೆ. (ಹಾಜರಿ ಕರೆಯುವ ಮಾಸ್ತರರೂ ಇದಕ್ಕಿಂತ ಪ್ರೀತಿಯಿಂದ ಕರೆಯುತ್ತಿದ್ದರು.)

ನನಗಿದ್ದ ಏಕಮಾತ್ರ ಆಧಾರ ನಮ್ಮ ಮದುವೆ. ಅಂದು ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಮಹೇಶ್ವರಿ ನಿಜವಾದ ಒಡಪು ಹೇಳಿದ್ದಳು. ಮಂದಿಯ ಚಪ್ಪಾಳೆ, ಕೇಕೆ ನನ್ನ ಕಿವಿಗೆ ಬಿದ್ದಿದ್ದವು. ಒಡಪು ಮಾತ್ರ ಬಿದ್ದಿರಲಿಲ್ಲ. ನಾನಾಗ ನಾದಿನಿಯರು ಬಚ್ಚಿಟ್ಟ ಬೂಟು ಹುಡುಕುತ್ತ ಹಿತ್ತಲಿನಲ್ಲಿದ್ದೆ.

ಮದುವೆಯ ವಿಡಿಯೊ ನೋಡೋಣವೆಂದಾಗಲೆಲ್ಲ ಮಹೇಶ್ವರಿ ನನಗೆ ಏನಾದರೊಂದು ಕೆಲಸ ಹಚ್ಚುತ್ತಿದ್ದಳು. ಅದಿದ್ದ ಹಾರ್ಡ್ ಡಿಸ್ಕನ್ನು ಕಳೆದ ತಿಂಗಳು ಕಡೆಗೂ ಟಿವಿಗೆ ಚುಚ್ಚಿದರೆ ಟಕ್ ಟಕ್ ಎಂದು ಸುಮ್ಮನಾಯಿತು. ಮಹೇಶ್ವರಿ ರೊಟ್ಟಿ ಬಡಿಯುತ್ತಲೇ, "ಹೋದ್ರ ಹೋಗ್ಲಿ ಬಿಡ್ರಿ, ಹಳೇದು," ಎಂದಳು. ನನಗೆ ಮೈಯೆಲ್ಲ ಉರಿಯಿತು. ಗಂಡನನ್ನು ಹೊಗಳಿದ ಒಂದೇ ಒಂದು ಸಾಕ್ಷಿ, ಅದೂ ಹೋದರೆ ಹೋಗಲಂತೆ. ಬಸವೇಶ್ವರಿ ಆಗಿದ್ದರೆ ಹೀಗನ್ನುತ್ತಿದ್ದಳೇ?

ಬಾಗಲಕೋಟೆಯ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಸೇನಸಾಬ ಡಿಸ್ಕನ್ನು ಕಿವಿಗಿಟ್ಟು ಕೇಳಿದ. ಇದು ಹೆಚ್ಚು ಹೊತ್ತು ಬಾಳುವುದಿಲ್ಲ, ಎಲ್ಲವೂ ಸಿಗುವ ಭರವಸೆಯಿಲ್ಲ, ಮೊದಲು ಯಾವುದನ್ನು ತೆಗೆಯಲಿ ಎಂದ. ವಿದ್ಯಾಗಿರಿಯ ನಮ್ಮ ಮನೆಯ ವಾಸ್ತುಶಾಂತಿ, ಗೋವಾ ಪ್ರವಾಸ, ಎಲ್ಲವನ್ನೂ ನಾನು ಆ ಕ್ಷಣದಲ್ಲೇ ತ್ಯಾಗ ಮಾಡಿ ಒಡಪಿನ ವಿಡಿಯೊ ಎಂದೆ. ಅದೊಂದು ಪೆನ್‌ಡ್ರೈವಿಗೆ ಬಂತು. ಮುಂದಿನದಕ್ಕೆ ಕೈಹಾಕುವಷ್ಟರಲ್ಲಿ ಡಿಸ್ಕು ಶಿವನ ಪಾದ ಸೇರಿತು.

ಸರಿಯಾಗಿದೆಯೇ ನೋಡಿರೆಂದು ಅವನು ಅದನ್ನು ಕಂಪ್ಯೂಟರಿಗೆ ಹಚ್ಚಿದ. ಹಸಿರು ಸೀರೆಯ ಮಹೇಶ್ವರಿ ಹೊಸ್ತಿಲಲ್ಲಿ ನಿಂತು ನಾಚಿ ಬಾಯಿ ತೆರೆದಳು. ನನ್ನ ಕಣ್ಣು ತುಂಬಿ ಬಂತು. ನಿಲ್ಲಿಸು ಎಂದೆ. ಮುಂದಿನದನ್ನು ವಿಜಯಮಹಾಂತೇಶನ ಪಕ್ಕದಲ್ಲೇ ಕೂತು ಕೇಳಬೇಕೆಂದು ನನ್ನ ಆಸೆ.

ಭಾನುವಾರ ಇಳಕಲ್ಲಿನ ಅವನ ಮನೆಗೆ ಹೋದೆವು. ಮಹೇಶ್ವರಿ ಮೊದಲು ಊಟ ಮಾಡೋಣವೆಂದಳು, ಟಿವಿ ಸರಿಯಿಲ್ಲವೆಂದಳು, ತಲೆನೋವೆಂದಳು. ನಾನು ಕೇಳಲಿಲ್ಲ. ಬರಲಾಗದ ಬಂಧುಗಳೂ ಧನ್ಯರಾಗಲೆಂದು ಹುಸೇನಸಾಬ ಫೋನಿಗೂ ಹಾಕಿಕೊಟ್ಟಿದ್ದ ವಿಡಿಯೊವನ್ನು ವಾಟ್ಸಪ್ ಬಳಗಕ್ಕೂ ಕಳಿಸಿ, ಕೆಳಗೆ "ನನ್ನ ಬಗ್ಗೆ ನನ್ನ ಹೆಂಡತಿ" ಎಂದು ಬರೆದು, ಟಿವಿ ಹಚ್ಚಿದೆ.

ಮಹೇಶ್ವರಿಯ ದನಿ ಗಂಟೆಯಂತೆ ಸ್ಪಷ್ಟವಾಗಿತ್ತು:

"ಹರಿವಾಣ ತುಂಬ ಕಲಾದಗಿ ಚಿಕ್ಕು,
ವಿಜಯಮಹಾಂತೇಶರೇ ನನಗ ದಿಕ್ಕು."

ಆಮೇಲೆ ಅದೇ ಚಪ್ಪಾಳೆ, ಅದೇ ಕೇಕೆ.

ಷಡ್ಡಕ ಮೀಸೆ ತಿರುವಲೂ ಮರೆತು ಕೂತಿದ್ದ. ಬಸವೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು.

"ಅಕ್ಕ ಆ ಒಡಪು ತನ್ನ ಗಂಡನ ಹೆಸರು ಹಚ್ಚೇ ಕಲಿಸಿದ್ಲು," ಎಂದಳು ಮಹೇಶ್ವರಿ, ತಲೆ ತಗ್ಗಿಸಿ. "ಗಾಬರಿಯೊಳಗ ನಾ ಹಂಗ ಅಂದುಬಿಟ್ಟೆ. ಅವತ್ತಿಂದ ಒಡಪು ಅಂದ್ರ ನನಗ ಅಂಜಿಕಿ ಬರ್ತೈತ್ರಿ. ಹೋಗ್ಲಿ ಬಿಡ್ರಿ ಅಂತ ಎಷ್ಟು ಹೇಳಿದೆ ನಿಮಗ."

ನಾನು ಕಳಿಸಿದ್ದನ್ನು ಅಳಿಸಲು ಫೋನಿಗೆ ಕೈಹಾಕಿದೆ. ಅಷ್ಟರಲ್ಲಿ ಹುನಗುಂದದಿಂದ ನಮ್ಮ ಸೋದರತ್ತೆ ಸಂಗವ್ವನ ಧ್ವನಿಸಂದೇಶ ಬಂದಾಗಿತ್ತು:

"ಭಾಳ ಚಂದ ಅಂದಾಳಪಾ ನಿನ್ನ ಹೇಣ್ತಿ. ಆದ್ರ ಶಂಕ್ರೂ, ನಿನ್ನ ಹೆಸರು ಯಾವಾಗ ಬದಲಿ ಮಾಡಿಸಿದಿ?"